ಪುರುಷರ ವಿಶೇಷ ಪರೀಕ್ಷೆ

ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಪ್ಪತ್ತೆರಡು ವರ್ಷ ನಾನು ಹೊಟ್ಟೆ ಹೊರೆದದ್ದು ಬೇರೆಯವರ ರಕ್ತ ಮತ್ತು ಮೂತ್ರದಿಂದ. ಕೇಳಲು ಅಷ್ಟು ಚೆನ್ನಾಗಿಲ್ಲ, ನಿಜ. ಹೆಣ್ಣು ಕೊಡುವಾಗ ನನ್ನ ಮಾವನವರಿಗೂ ಚೆನ್ನಾಗಿ ಕೇಳಿಸಿರಲಿಲ್ಲವೆಂದು ಕಾಣುತ್ತದೆ. ಬಂಧುಗಳಿಗೆ ‘ಹುಡುಗ ಆಸ್ಪತ್ರೆಯಲ್ಲಿದ್ದಾನೆ’ ಎಂದಷ್ಟೇ ಹೇಳಿದ್ದರು. ಮದುವೆಗೆ ಬಂದವರಲ್ಲಿ ಅರ್ಧ ಜನ ನನ್ನನ್ನು ಡಾಕ್ಟರೆಂದುಕೊಂಡರು, ಇನ್ನರ್ಧ ಜನ ರೋಗಿಯೆಂದುಕೊಂಡರು. ನಾನು ಎರಡೂ ಅಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದು, ಅಲ್ಲಿಯ ಸಂಬಳ ಸಾಲದೆ, ವಿದ್ಯಾರಣ್ಯಪುರಂನಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದು ಸ್ವಂತ ಲ್ಯಾಬು ತೆರೆದವನು. ಊರಿನಲ್ಲಿ ನನ್ನ ಹೆಸರು ಲ್ಯಾಬ್ ಮಹದೇವಪ್ಪ. ಕಾಯಿಲೆಯವರಿಂದ ಲ್ಯಾಬು ನಡೆಯುತ್ತದೆ ಎಂದು ನೀವು ತಿಳಿದಿದ್ದರೆ ಅದು ತಪ್ಪು. ಕಾಯಿಲೆಯವರು ಎಷ್ಟು ಜನ ಇದ್ದಾರು? ಲ್ಯಾಬು ನಡೆಯುವುದು ಕಾಯಿಲೆ ಇರಬಹುದೇನೋ ಎಂಬ ಅನುಮಾನದವರಿಂದ. ಅವರಿಗೆ ಕೊನೆಯೆಂಬುದೇ ಇಲ್ಲ.

ಆದರೆ ಅನುಮಾನ ತನ್ನಷ್ಟಕ್ಕೆ ತಾನೇ ಲ್ಯಾಬಿನ ಮೆಟ್ಟಿಲು ಹತ್ತುವುದಿಲ್ಲ. ಅದಕ್ಕೊಬ್ಬ ಡಾಕ್ಟರ ಚೀಟಿ ಬೇಕು. ಚೀಟಿ ಬರೆದ ಡಾಕ್ಟರಿಗೆ ನಾನು ತಿಂಗಳ ಮೊದಲ ವಾರದಲ್ಲಿ ಒಂದು ಪಾಲು ತಲುಪಿಸಬೇಕು. ಕಮಿಷನ್ ಎಂಬ ಮಾತನ್ನು ನಾವು ಯಾರೂ ಆಡುತ್ತಿರಲಿಲ್ಲ. ‘ಕವರ್’ ಎನ್ನುತ್ತಿದ್ದೆವು. ಕವರುಗಳ ಮೇಲೆ ಡಾಕ್ಟರುಗಳ ಹೆಸರು ಬರೆಯುವ ಕೆಲಸ ನನ್ನ ಹೆಂಡತಿ ಸುಮಿತ್ರಳದು. ಅವಳ ಅಕ್ಷರ ಎಷ್ಟು ದುಂಡಗಿತ್ತೆಂದರೆ, ಒಬ್ಬ ಡಾಕ್ಟರು ತಮ್ಮ ಮಗಳ ಮದುವೆಯ ಕರೆಯೋಲೆಗಳ ಮೇಲೆ ವಿಳಾಸ ಬರೆಸಿಕೊಳ್ಳಲು ಮುನ್ನೂರು ಲಕೋಟೆಗಳನ್ನು ನಮ್ಮ ಮನೆಗೇ ಕಳಿಸಿದ್ದರು. ಅವಳು ಬರೆದುಕೊಟ್ಟಳು. ಊಟಕ್ಕೆ ಹೋಗಿ ಉಡುಗೊರೆಯನ್ನೂ ಕೊಟ್ಟು ಬಂದೆವು. ಅದು ಕೂಡ ಒಂದು ಕವರೇ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಪ್ರಕಾಶ ಎಂಬ ಒಬ್ಬ ಸೇಲ್ಸ್‌ನವನು, ಟೈ ಕಟ್ಟಿಕೊಂಡು ಬೆವರುತ್ತಾ, ನನ್ನ ಲ್ಯಾಬಿಗೆ ಒಂದು ಹೊಸ ಡಬ್ಬಿ ತಂದ. ‘ಸರ್, ಇದು ಪಿ.ಎಸ್.ಎ. ಕಿಟ್. ಪ್ರಾಸ್ಟೇಟ್ ಕ್ಯಾನ್ಸರ್ ಇದೆಯೋ ಅಂತ ರಕ್ತದಲ್ಲೇ ಸುಳಿವು ಸಿಗುತ್ತೆ. ಐವತ್ತು ದಾಟಿದ ಗಂಡಸರೆಲ್ಲ ನಿಮ್ಮ ಗಿರಾಕಿಗಳೇ’ ಎಂದ. ಆ ಡಬ್ಬಿಯೊಳಗೆ ಒಂದು ಪ್ಲಾಸ್ಟಿಕ್ ತಟ್ಟೆ, ತಟ್ಟೆಯಲ್ಲಿ ಸಣ್ಣ ಇಡ್ಲಿ ಗುಳಿಗಳಂಥ ತೊಂಬತ್ತಾರು ಗುಳಿಗಳು. ಒಂದೊಂದು ಗುಳಿಗೆ ಒಬ್ಬೊಬ್ಬ ಗಂಡಸು. ನಾನು ಒಂದು ಕ್ಷಣ ಕಣ್ಣು ಮುಚ್ಚಿ ತೊಂಬತ್ತಾರು ಗಂಡಸರನ್ನು ಸಾಲಾಗಿ ನಿಲ್ಲಿಸಿ ನೋಡಿದೆ. ನೋಟ ಹಿತವಾಗಿತ್ತು. ತಗೊಂಡೆ.

ತೊಡಕು ಬಂದದ್ದು ಇದನ್ನು ಜನರಿಗೆ ತಿಳಿಸುವುದು ಹೇಗೆಂಬಲ್ಲಿ. ಗಂಡಸರ ಮೂತ್ರಕೋಶದ ಬುಡದಲ್ಲಿರುವ ಪ್ರಾಸ್ಟೇಟ್ ಎಂಬ ಗ್ರಂಥಿಗೆ ಜನ ಬಳಸುವ ಕನ್ನಡದ ಮಾತೇ ಇಲ್ಲ. ಅದು ಇರುವ ಜಾಗವನ್ನು ಹೇಳಿ ತಿಳಿಸೋಣವೆಂದರೆ, ಲ್ಯಾಬಿನ ಪಕ್ಕದಲ್ಲೇ ಹೆಣ್ಣುಮಕ್ಕಳ ಟೈಲರಿಂಗ್ ಕ್ಲಾಸು. ಬಹಳ ಯೋಚಿಸಿ ‘ಇಲ್ಲಿ ಪುರುಷರ ವಿಶೇಷ ಪರೀಕ್ಷೆ ಮಾಡಲಾಗುವುದು’ ಎಂದು ಬೋರ್ಡು ಬರೆಸಿ ಹಾಕಿದೆ. ಅದರ ಫಲವಾಗಿ ಬಂದವರು ಐವತ್ತು ದಾಟಿದವರಲ್ಲ, ಇಪ್ಪತ್ತೈದು ದಾಟದವರು. ಸಂಜೆಯಾದೊಡನೆ, ಕರ್ಚೀಫಿನಿಂದ ಅರ್ಧ ಮುಖ ಮುಚ್ಚಿಕೊಂಡು, ಆಚೀಚೆ ನೋಡುತ್ತಾ ಒಳಗೆ ಬಂದು, ‘ಡಾಕ್ಟ್ರೆ, ಮುಂದಿನ ತಿಂಗಳು ಮದ್ವೆ’ ಎಂದು ಕಣ್ಣೀರು ಹಾಕುತ್ತಿದ್ದರು. ಅವರಿಗೆ ಧೈರ್ಯ ಹೇಳಿ ಕಳಿಸುವುದೇ ನನಗೊಂದು ಉದ್ಯೋಗವಾಯಿತು. ಮೂರನೆಯ ವಾರ ಟೈಲರಿಂಗ್ ಟೀಚರು ಬಂದು, ‘ಮಹದೇವಪ್ಪನೋರೆ, ನೀವು ಮರ್ಯಾದಸ್ಥರು ಅಂದ್ಕೊಂಡಿದ್ದೆ ಕಣ್ರೀ’ ಎಂದಷ್ಟೇ ಹೇಳಿ ಹೋದರು. ಬೋರ್ಡು ಇಳಿಸಿದೆ. ಆ ಹೊತ್ತಿಗೆ ತುಂಬಿದ್ದು ಹನ್ನೊಂದು ಗುಳಿ. ಡಬ್ಬಿಯ ಮೇಲೆ ಅಚ್ಚಾಗಿದ್ದ ಕೊನೆಯ ದಿನಾಂಕಕ್ಕೆ ಉಳಿದಿದ್ದು ಇಪ್ಪತ್ತು ದಿನ.

ಆಗ ನನಗೆ ನೆನಪಾದವರು ಕುವೆಂಪುನಗರದಲ್ಲಿ ಹೊಸದಾಗಿ ನರ್ಸಿಂಗ್ ಹೋಮ್ ತೆರೆದಿದ್ದ ಒಬ್ಬ ಮೂತ್ರಕೋಶದ ಸ್ಪೆಷಲಿಸ್ಟರು. ಒಳ್ಳೆಯ ಮನುಷ್ಯರೇ, ಮೈತುಂಬ ಸಾಲ ಮಾಡಿ ದೊಡ್ಡ ದೊಡ್ಡ ಯಂತ್ರ ತರಿಸಿದ್ದರು. ನನ್ನ ಡಬ್ಬಿಗೆ ಗಂಡಸರು ಬೇಕಾಗಿದ್ದ ಹಾಗೆ ಅವರ ಯಂತ್ರಗಳಿಗೂ ಬೇಕಾಗಿತ್ತು. ‘ಪಾರ್ಕಿನಲ್ಲಿ ಒಂದು ಉಚಿತ ಕ್ಯಾಂಪ್ ಮಾಡಿ ಮಹದೇವಪ್ಪ. ಪಿ.ಎಸ್.ಎ. ಅಂಕಿ ನಾಲ್ಕರ ಮೇಲೆ ಬಂದವರನ್ನು ನನ್ನ ಹತ್ತಿರ ಕಳಿಸಿ. ನಿಮ್ಮದನ್ನು ನಾನು ನೋಡ್ಕೋತೀನಿ’ ಎಂದರು. ಬದುಕಿನಲ್ಲಿ ಮೊದಲ ಸಲ ಒಬ್ಬ ಡಾಕ್ಟರು ನನಗೆ ಕವರ್ ಕೊಡುವೆನೆಂದಿದ್ದರು. ಮನೆಗೆ ಬಂದು ಸುಮಿತ್ರಳಿಗೆ ಹೇಳಿದಾಗ ಅವಳು, ‘ಹೆಸರು ಬರೆಯೋರು ಯಾರಂತೆ?’ ಎಂದಳು.

ಕ್ಯಾಂಪಿಗೆ ಮೊದಲು ಬಂದವರು ಪುಟ್ಟಸ್ವಾಮಿಗೌಡರು. ಸಿಟಿ ಬಸ್ಸುಗಳಲ್ಲಿ ಚೆಕಿಂಗ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ಪಾರ್ಕಿನಲ್ಲಿ ದಿನಾ ಹತ್ತು ಸುತ್ತು ಹಾಕುತ್ತಿದ್ದರು. ಎದುರು ಬಂದವರ ಕೈಯನ್ನೇ ನೋಡುವ ಹಳೆಯ ಅಭ್ಯಾಸ ಮಾತ್ರ ಬಿಟ್ಟಿರಲಿಲ್ಲ. ನನ್ನ ಮೇಜಿನ ಮುಂದೆ ನಿಂತು, ‘ಎಂಗೆ ಫ್ರೀಯಾಗಿ ಮಾಡ್ತೀರಿ ಮಾದೇವಪ್ನೋರೆ? ಮೂವತ್ತು ವರ್ಸ ಬಸ್ಸಲ್ಲಿ ಓಡಾಡಿವ್ನಿ. ಸುಮ್‌ಸುಮ್ನೆ ಯಾರೂ ಯಾರ್ನೂ ಕೂರಿಸ್ಕೊಂಡು ಓಗಲ್ಲ’ ಎಂದರು.

‘ಸಮಾಜಸೇವೆ ಗೌಡರೇ’ ಎಂದೆ.

‘ಅಂಗಾ?’ ಎಂದು ನನ್ನನ್ನು ಒಮ್ಮೆ ನೋಡಿ, ತೋಳು ಚಾಚಿದರು. ಸೂಜಿ ಚುಚ್ಚುವಾಗ ಆ ನೋಟ ತಪ್ಪಿಸಲು ನಾನು ಅವರ ನರವನ್ನೇ ದಿಟ್ಟಿಸುತ್ತಿದ್ದೆ. ಆ ಹೊತ್ತಿನಲ್ಲಿ ಕೇಳಬೇಕಾಗಿದ್ದ ಒಂದು ಪ್ರಶ್ನೆ ಇತ್ತು: ಉರಿಮೂತ್ರ ಏನಾದರೂ ಇದೆಯೇ? ಮೂತ್ರದಲ್ಲಿ ಸೋಂಕಿದ್ದರೆ ಕ್ಯಾನ್ಸರ್ ಇಲ್ಲದೆಯೂ ಆ ಅಂಕಿ ಮೇಲೇರುತ್ತದೆಂದು ಡಬ್ಬಿಯೊಳಗಿನ ಕಾಗದದಲ್ಲೇ ಬರೆದಿತ್ತು. ಕಾಗದವನ್ನು ನಾನು ಓದಿದ್ದೆ. ಆದರೆ ನನ್ನ ಹಿಂದೆ ಎಂಬತ್ತೈದು ಖಾಲಿ ಗುಳಿಗಳಿದ್ದವು, ಗೌಡರ ಹಿಂದೆ ಉದ್ದನೆಯ ಸಾಲಿತ್ತು. ಕೇಳಲಿಲ್ಲ.

ಒಂಬತ್ತು ಜನರದು ನಾಲ್ಕರ ಮೇಲೆ ಬಂತು. ಗೌಡರದು ಎಂಟರ ಹತ್ತಿರ. ರಿಪೋರ್ಟು ಕೈಗೆ ಕೊಟ್ಟಾಗ ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಎಂಟು ಅಂದ್ರೆ ಎಷ್ಟು ದಿನ ಅಂತ ಲೆಕ್ಕ?’ ಎಂದು ಕೇಳಿದರು. ಅಲ್ಲ ಗೌಡರೇ, ಹಾಗಲ್ಲ, ಡಾಕ್ಟರು ಹೇಳುತ್ತಾರೆ ಎಂದೆ. ಸ್ಪೆಷಲಿಸ್ಟರು ಸ್ಕ್ಯಾನ್ ಮಾಡಿಸಿದರು. ಸಂದೇಹ ಹೋಗಲಿಲ್ಲವಾದ್ದರಿಂದ ಬಯಾಪ್ಸಿ ಆಗಬೇಕೆಂದರು. ಹಿಂಬದಿಯಿಂದ ಸೂಜಿ ಹಾಕಿ ಸಣ್ಣ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸುವುದು. ಅದಾದ ಎರಡನೆಯ ದಿನ ಗೌಡರಿಗೆ ಮೈ ನಡುಗುವಂಥ ಜ್ವರ ಬಂತು. ಐದು ದಿನ ನರ್ಸಿಂಗ್ ಹೋಮಿನಲ್ಲಿ ಮಲಗಿದರು. ಮನೆಯ ಮೇಲೆ ಒಂದು ರೂಮು ಕಟ್ಟಿ ಬಾಡಿಗೆಗೆ ಬಿಡಬೇಕೆಂದು ಬ್ಯಾಂಕಿನಲ್ಲಿ ಇಟ್ಟಿದ್ದ ದುಡ್ಡು ಆ ಐದು ದಿನಗಳಲ್ಲಿ ಕರಗಿತು. ತಾರಸಿಯ ಮೇಲೆ ಮೊದಲೇ ನಿಲ್ಲಿಸಿದ್ದ ಕಬ್ಬಿಣದ ಸರಳುಗಳು ಹಾಗೇ ನಿಂತವು.

ನಾನು ನೋಡಲು ಹೋಗಿದ್ದೆ. ಬಯಾಪ್ಸಿ ರಿಪೋರ್ಟು ಅಂದೇ ಬಂದಿತ್ತು: ಕ್ಯಾನ್ಸರ್ ಇಲ್ಲ, ಬರಿಯ ಸೋಂಕು, ಊತ. ಗೌಡರು ಹಾಸಿಗೆಯಲ್ಲಿ ಒರಗಿಕೊಂಡು ನನ್ನ ಎರಡೂ ಕೈ ಹಿಡಿದುಕೊಂಡರು. ‘ನೀವು ದೇವ್ರಂಗೆ ಬಂದ್ಬುಟ್ರಿ ಮಾದೇವಪ್ನೋರೆ’ ಎಂದರು. ಪಕ್ಕದಲ್ಲಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದ ಅವರ ಹೆಂಡತಿ ಜಯಮ್ಮ ಮಾತ್ರ ಬೇರೆ ಧಾಟಿಯಲ್ಲಿ ಮಾತಾಡಿದರು. ‘ಏನೂ ಇಲ್ಲ ಅನ್ನೋಕೆ ಇಷ್ಟು ದುಡ್ಡಾ? ಇವ್ರು ಕ್ಯಾಂಪಿಗೆ ಬರೋಕೆ ಮುಂಚೆ ಒಂದು ವಾರದಿಂದ ಉರಿ ಉರಿ ಅಂತಿದ್ರು. ಎಳನೀರು ಕುಡೀರಿ, ಓಗ್ತದೆ ಅಂತ ನಾನು ಬಿಟ್ಟಿ ಏಳಿದ್ದೆ’ ಎಂದರು. ಆ ಕಾಫಿ ಕುಡಿದದ್ದು ನನಗಿನ್ನೂ ಜ್ಞಾಪಕವಿದೆ. ಸಕ್ಕರೆ ಇತ್ತೋ ಇಲ್ಲವೋ ಎಂಬುದು ಮಾತ್ರ ಜ್ಞಾಪಕವಿಲ್ಲ.

ಮುಂದಿನ ವಾರ ಸ್ಪೆಷಲಿಸ್ಟರ ಕವರ್ ಬಂತು. ಒಂಬತ್ತು ಜನರ ಪಾಲು ಒಟ್ಟಿಗೆ. ಹಿಂದಕ್ಕೆ ಕೊಟ್ಟುಬಿಡಬೇಕೆಂದು ಅಂದುಕೊಂಡೆ. ಗೌಡರಿಗೇ ತಲುಪಿಸಿಬಿಡಬೇಕೆಂದೂ ಅಂದುಕೊಂಡೆ. ಹೀಗೆ ಒಳ್ಳೊಳ್ಳೆಯ ವಿಚಾರಗಳನ್ನು ಅಂದುಕೊಳ್ಳುತ್ತಾ ಮೇಜಿನ ಡ್ರಾಯರಿನಲ್ಲಿ ಅದನ್ನು ಹದಿನೈದು ದಿನ ಇಟ್ಟಿದ್ದೆ. ಹದಿನಾರನೆಯ ದಿನ ನಮ್ಮ ಮನೆಯ ಮಿಕ್ಸಿ ಸುಟ್ಟುಹೋಯಿತು. ಸುಮಿತ್ರ ಮೂರು ದಿನ ಒರಳಿನಲ್ಲಿ ರುಬ್ಬಿ, ನಾಲ್ಕನೆಯ ದಿನ ಸೊಂಟ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. ನಾನು ಡ್ರಾಯರು ತೆಗೆದೆ.

ಇಷ್ಟಕ್ಕೇ ಮುಗಿದಿದ್ದರೆ ನನ್ನ ಮನಸ್ಸು ಹೇಗೋ ಸುಮ್ಮನಾಗಿರುತ್ತಿತ್ತು. ಆದರೆ ಗೌಡರ ಕೃತಜ್ಞತೆ ಸುಮ್ಮನಿರಬೇಕಲ್ಲ! ಚೇತರಿಸಿಕೊಂಡ ಮೇಲೆ ಅವರು ಪಾರ್ಕಿನಲ್ಲಿ ಸಿಕ್ಕಸಿಕ್ಕ ಗಂಡಸರನ್ನೆಲ್ಲ ತಡೆದು ನಿಲ್ಲಿಸಿ, ‘ಮಾಡಿಸಿದ್ರಾ? ತೋರ್ಸಿ ರಿಪೋರ್ಟು’ ಎಂದು ಕೇಳತೊಡಗಿದರು. ಕೇಳುವ ಧಾಟಿ ಹೇಗಿತ್ತೆಂದರೆ, ಇಲ್ಲವೆನ್ನಲು ಎಂಥವರಿಗೂ ಅಳುಕು. ದಿನಕ್ಕೆ ನಾಲ್ಕೈದು ಜನ ನನ್ನ ಲ್ಯಾಬಿಗೆ ಬಂದರು, ದುಡ್ಡು ಕೊಟ್ಟೇ ಮಾಡಿಸಿಕೊಂಡರು. ಎರಡನೆಯ ಡಬ್ಬಿ ತರಿಸಿದೆ, ಮೂರನೆಯದನ್ನೂ ತರಿಸಿದೆ. ಪ್ರಕಾಶ ಸಂತೋಷದಿಂದ ಟೈ ಸಡಿಲಿಸಿಕೊಂಡ. ನಾನು ಈಗ ಎಲ್ಲರಿಗೂ ಉರಿಮೂತ್ರದ ಪ್ರಶ್ನೆ ಕೇಳುತ್ತಿದ್ದೆ. ಇದೆ ಎಂದವರನ್ನು ವಾಸಿಯಾದ ಮೇಲೆ ಬನ್ನಿ ಎಂದು ಕಳಿಸುತ್ತಿದ್ದೆ. ಇಷ್ಟರಿಂದಲೇ ನಾನು ಬಹಳ ದೊಡ್ಡ ಮನುಷ್ಯನಾದೆನೆಂದು ನನಗೆ ಅನ್ನಿಸುತ್ತಿತ್ತು.

ಹಾಗೆ ಗೌಡರು ತೋಳು ಹಿಡಿದು ಕರೆತಂದವರಲ್ಲಿ ಸಿದ್ಧಲಿಂಗಪ್ಪ ಮೇಷ್ಟ್ರು ಒಬ್ಬರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದವರು, ಮೆದು ಮಾತಿನವರು. ಸೊಂಟನೋವು ಎನ್ನುತ್ತಿದ್ದರು. ಅವರ ಅಂಕಿ ನೋಡಿ ನಾನು ಎರಡನೆಯ ಸಲ ಪರೀಕ್ಷೆ ಮಾಡಿದೆ, ತಪ್ಪಾಗಿರಲೆಂದು. ತಪ್ಪಾಗಿರಲಿಲ್ಲ. ಅದು ನಿಜವಾದ ಕ್ಯಾನ್ಸರ್, ಮೂಳೆಗೂ ಹಬ್ಬಿತ್ತು. ಪೂರ್ತಿ ವಾಸಿಯಾಗುವುದಿಲ್ಲ, ಆದರೆ ಗಂಡಸಿನ ಹಾರ್ಮೋನನ್ನು ನಿಲ್ಲಿಸಿದರೆ ಕಾಯಿಲೆ ವರ್ಷಗಟ್ಟಲೆ ತಣ್ಣಗಿರಬಹುದು ಎಂದರು ಸ್ಪೆಷಲಿಸ್ಟರು. ಅದಕ್ಕೆ ತಿಂಗಳಿಗೊಂದು ಇಂಜೆಕ್ಷನ್, ಬದುಕಿರುವವರೆಗೆ. ಒಂದು ಇಂಜೆಕ್ಷನ್ನಿನ ಬೆಲೆ ಮೇಷ್ಟರ ಪೆನ್ಷನ್ನಿಗಿಂತ ಹೆಚ್ಚಿತ್ತು. ಆ ಇಂಜೆಕ್ಷನ್ ನರ್ಸಿಂಗ್ ಹೋಮಿನ ಔಷಧಿ ಅಂಗಡಿಯಲ್ಲೇ ಸಿಗುತ್ತಿತ್ತು. ಪ್ರತಿ ತಿಂಗಳೂ ಅದರಲ್ಲಿ ನನಗೂ ಒಂದು ಸಣ್ಣ ಪಾಲು ಬರುವುದೆಂದು ಸ್ಪೆಷಲಿಸ್ಟರು ನಗುತ್ತಾ ಸೂಚಿಸಿದರು. ಅಂದರೆ ಮೇಷ್ಟ್ರು ಬದುಕಿರುವವರೆಗೂ ನನಗೆ ಮಾಸಾಶನ.

ಒಂದು ಮಧ್ಯಾಹ್ನ ಮೇಷ್ಟ್ರು ಲ್ಯಾಬಿಗೆ ಬಂದು ಸ್ಟೂಲಿನ ಮೇಲೆ ಕೂತರು. ‘ಮಹದೇವಪ್ಪ, ನೀನು ದೊಡ್ಡಾಸ್ಪತ್ರೇಲಿ ಕೆಲಸ ಮಾಡಿದೋನು. ಮನೆ ಮಾರಿದರೆ ಎರಡು ಮೂರು ವರ್ಷದ ಇಂಜೆಕ್ಷನ್ ಆಗುತ್ತೆ. ಆಮೇಲೆ ನಾನು ಬದುಕಿದ್ದುಬಿಟ್ಟರೆ ಏನು ಮಾಡೋದು? ಬೇರೆ ದಾರಿ ಇಲ್ಲವೇನಪ್ಪ?’ ಎಂದು ಕೇಳಿದರು.

ಬದುಕಿದ್ದುಬಿಟ್ಟರೆ ಏನು ಮಾಡುವುದೆಂದು ಒಬ್ಬ ಮನುಷ್ಯ ಹೆದರುವುದನ್ನು ನಾನು ಅಂದೇ ಮೊದಲು ಕೇಳಿದ್ದು. ಬೇರೆ ದಾರಿ ಇತ್ತು. ಒಂದು ಸಣ್ಣ ಆಪರೇಷನ್. ಆ ಹಾರ್ಮೋನು ಹುಟ್ಟುವ ಬೀಜಗಳನ್ನೇ ತೆಗೆದುಬಿಡುವುದು. ಒಂದೇ ಸಲ, ಸರ್ಕಾರಿ ಆಸ್ಪತ್ರೆಯಲ್ಲಿ ಹೆಚ್ಚು ಖರ್ಚೂ ಇಲ್ಲ. ಕಾಯಿಲೆಯ ಮೇಲೆ ಇಂಜೆಕ್ಷನ್ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆಂದು ಅಲ್ಲಿಯ ಹಳೆಯ ಸರ್ಜನ್ನರು ಹೇಳುವುದನ್ನು ನಾನೇ ಕೇಳಿದ್ದೆ. ಸ್ಪೆಷಲಿಸ್ಟರು ಇದನ್ನು ಹೇಳಿರಲಿಲ್ಲವೆಂದಲ್ಲ. ಹೇಳುವ ರೀತಿಯಲ್ಲಿ ಹೇಳಿದ್ದರು. ‘ಅದು ಸ್ವಲ್ಪ ಹಳೇ ಕಾಲದ್ದು ಸರ್, ಮನಸ್ಸಿಗೆ ಕಷ್ಟ’ ಎಂದಿದ್ದರಂತೆ. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಇದನ್ನು ಧೈರ್ಯವೆಂದು ದಯವಿಟ್ಟು ತಿಳಿಯಬೇಡಿ. ನೇರವಾಗಿ ಕೇಳಿದ್ದರು, ನನಗೆ ತಕ್ಷಣ ಸುಳ್ಳು ಹೊಳೆಯಲಿಲ್ಲ, ಅಷ್ಟೆ. ಮೇಷ್ಟ್ರು, ‘ಎಪ್ಪತ್ತೊಂದು ನನಗೆ. ಇನ್ನು ಅವನ್ನಿಟ್ಟುಕೊಂಡು ನಾನೇನು ಮಾಡಬೇಕಾಗಿದೆ? ಮನೆ ಇದ್ದರೆ ನಮ್ಮವಳಿಗಾದರೂ ಆಗುತ್ತೆ’ ಎಂದು ಎದ್ದರು. ಬಾಗಿಲ ಬಳಿ ಒಂದು ಸಲ ಗೋಡೆ ಹಿಡಿದುಕೊಂಡು ನಿಂತರು. ನಾನು ಹೋಗಿ ತೋಳು ಹಿಡಿಯಲೇ ಬೇಡವೇ ಎಂದು ಯೋಚಿಸುವಷ್ಟರಲ್ಲಿ ಮೆಟ್ಟಿಲಿಳಿದಿದ್ದರು.

ಆಪರೇಷನ್ ಆಯಿತು. ಮೇಷ್ಟರ ಸೊಂಟನೋವು ಇಳಿಯಿತು. ಆಮೇಲೆ ಆರು ವರ್ಷ ಇದ್ದರು. ಮನೆಯ ಜಗಲಿಯಲ್ಲಿ ಕೂತು ಬೀದಿಯ ಮಕ್ಕಳಿಗೆ ಆನೆ ಬರೆಯುವುದನ್ನು ಹೇಳಿಕೊಟ್ಟರು. ಸ್ಪೆಷಲಿಸ್ಟರು ಮಾತ್ರ ನನಗೆ ಫೋನು ಮಾಡುವುದನ್ನು ನಿಲ್ಲಿಸಿದರು. ಅವರು ಊರಿನ ಉಳಿದ ಡಾಕ್ಟರುಗಳಿಗೆ ಏನು ಹೇಳಿದರೋ, ನನ್ನ ಲ್ಯಾಬಿನ ರಿಪೋರ್ಟುಗಳ ಬಗ್ಗೆ ಎಲ್ಲರಿಗೂ ಒಂದೇ ಸಲ ಅನುಮಾನ ಹುಟ್ಟಿತು. ಸುಮಿತ್ರ ಬರೆಯಬೇಕಾದ ಕವರುಗಳು ಹದಿನಾಲ್ಕರಿಂದ ಐದಕ್ಕೆ ಇಳಿದವು.

ಆ ದಿನಗಳಲ್ಲೇ ಒಂದು ಭಾನುವಾರ ಬೆಳಿಗ್ಗೆ ಗೌಡರು ನಮ್ಮ ಮನೆಗೆ ಬಂದರು. ಸುಮಿತ್ರ ದೋಸೆ ಹಾಕುತ್ತಿದ್ದಳು. ಅವರಿಗೂ ತಟ್ಟೆ ಇಟ್ಟಳು. ಎರಡು ದೋಸೆ ತಿಂದರು. ಮೂರನೆಯದು ಬಿದ್ದಾಗ ತಲೆಯೆತ್ತಿ, ‘ಮೇಷ್ಟ್ರಿಗೆ ನೀವು ದಾರಿ ಏಳಿದ್ರಂತೆ. ಮನೆ ಉಳೀತು ಅಂತ ಕಣ್ಣೀರಾಕ್ಕೊಂಡ್ರು. ನಂಗ್ಯಾಕೆ ಏನೂ ಏಳ್ಲಿಲ್ಲ ಮಾದೇವಪ್ನೋರೆ?’ ಎಂದರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

ಎಲ್ಲವನ್ನೂ ಹೇಳಿದೆ. ಡಬ್ಬಿಯ ದಿನಾಂಕ ಮುಗಿಯುತ್ತಿದ್ದದ್ದು, ಉರಿಮೂತ್ರ ಇದೆಯೇ ಎಂದು ಕೇಳದೆ ಹೋದದ್ದು, ಕೇಳಿದ್ದರೆ ಹದಿನೈದು ದಿನದ ಮಾತ್ರೆಯಲ್ಲಿ ಮುಗಿಯಬಹುದಾಗಿದ್ದದ್ದು, ಕವರ್ ಬಂದದ್ದು. ಒಲೆಯ ಮುಂದೆ ಸುಮಿತ್ರಳ ಸೌಟು ನಿಂತಿತ್ತು. ಗೌಡರು ಕೇಳುತ್ತಾ ಕೇಳುತ್ತಾ ದೋಸೆಯನ್ನು ಸಣ್ಣ ಸಣ್ಣ ಚೂರು ಮಾಡಿದರು, ತಿನ್ನಲಿಲ್ಲ.

‘ಆ ಕವರ್ ಏನ್ ಮಾಡಿದ್ರಿ?’ ಎಂದರು ಕೊನೆಗೆ.

‘ಮಿಕ್ಸಿ ತಗೊಂಡ್ವಿ’ ಎಂದೆ.

ಅವರು ತಟ್ಟೆಯನ್ನು ನೋಡಿದರು. ನಾನೂ ನೋಡಿದೆ. ತಟ್ಟೆಯಲ್ಲಿ ಕಾಯಿಚಟ್ನಿ ಇತ್ತು, ನುಣ್ಣಗೆ. ಗೌಡರು ಒಂದು ಚೂರು ದೋಸೆಯನ್ನು ಅದರಲ್ಲಿ ಅದ್ದಿ, ಬಾಯಿಗಿಟ್ಟು, ನಿಧಾನವಾಗಿ ಅಗಿದು ನುಂಗಿದರು. ‘ಚೆನ್ನಾಗಿ ರುಬ್ತದೆ’ ಎಂದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, ‘ಅಮ್ಮಾ, ಇನ್ನೊಂದು ದೋಸೆ ಆಕಿ. ಇದ್ರಲ್ಲಿ ನಂದೂ ಪಾಲೈತೆ’ ಎಂದರು. ಸುಮಿತ್ರ ದೋಸೆ ತಂದು ಹಾಕಿದಳು. ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾವಿಬ್ಬರೂ ನೋಡದ ಹಾಗಿದ್ದೆವು. ಹೋಗುವಾಗ ಗೌಡರು ಎಂದಿನಂತೆ ನನ್ನ ಕೈ ಹಿಡಿಯಲಿಲ್ಲ. ನಾಲ್ಕು ತಿಂಗಳು ಪಾರ್ಕಿನಲ್ಲಿ ನನ್ನನ್ನು ಕಂಡರೆ ಉಲ್ಟಾ ಸುತ್ತು ಹಾಕುತ್ತಿದ್ದರು. ಐದನೆಯ ತಿಂಗಳು, ಅದೇನನ್ನಿಸಿತೋ, ಪಕ್ಕಕ್ಕೆ ಬಂದು ಜೊತೆಗೆ ನಡೆದರು. ಆ ವಿಷಯ ನಾವು ಮತ್ತೆಂದೂ ಎತ್ತಲಿಲ್ಲ.

ಲ್ಯಾಬು ಇನ್ನೆರಡು ವರ್ಷ ಕುಂಟಿಕೊಂಡು ನಡೆಯಿತು. ಊರಿಗೆ ದೊಡ್ಡ ದೊಡ್ಡ ಲ್ಯಾಬುಗಳು ಬಂದವು, ಎ.ಸಿ., ಗಾಜಿನ ಬಾಗಿಲು, ಕಾಯುವವರಿಗೆ ಟಿ.ವಿ. ನಾನು ಮೈಕ್ರೋಸ್ಕೋಪನ್ನು ಒಂದು ಕಾಲೇಜಿಗೆ ಮಾರಿ ಬಾಗಿಲು ಮುಚ್ಚಿದೆ. ದಣಿದಿದ್ದೆ. ಕೆಲಸ ಮಾಡಿ ಬಂದ ದಣಿವಲ್ಲ ಅದು. ಸರಿಯೋ ತಪ್ಪೋ ಎಂದು ಪ್ರತಿ ಚೀಟಿಯ ಮುಂದೆಯೂ ಕೂತು ಯೋಚಿಸಿ ಬಂದದ್ದು.

ಹೋದ ತಿಂಗಳು ನನಗೇ ಮೂತ್ರ ತಡೆತಡೆದು ಬರತೊಡಗಿತು. ‘ಊರಿಗೆಲ್ಲ ಮಾಡಿದ್ರಿ, ನಿಮ್ಮದು ಯಾವತ್ತಾದ್ರೂ ಮಾಡ್ಕೊಂಡ್ರಾ?’ ಎಂದು ಸುಮಿತ್ರ ಬೆನ್ನು ಹತ್ತಿದಳು. ಮಾಡಿಕೊಂಡಿರಲಿಲ್ಲ. ಸರಸ್ವತಿಪುರಂನ ಒಂದು ದೊಡ್ಡ ಲ್ಯಾಬಿಗೆ ಬಸ್ಸು ಹತ್ತಿ ಹೋದೆ. ಕೌಂಟರಿನ ಹುಡುಗಿ ಕಂಪ್ಯೂಟರಿನಿಂದ ತಲೆಯೆತ್ತದೆ, ‘ಯಾವ ಡಾಕ್ಟ್ರು ಕಳಿಸಿದ್ದು ಅಂಕಲ್?’ ಎಂದಳು.

‘ಯಾರೂ ಇಲ್ಲಮ್ಮ. ನಾನೇ ಬಂದೆ.’

‘ಹಾಗಾದ್ರೆ ಸೆಲ್ಫ್. ಸೆಲ್ಫ್‌ಗೆ ಡಿಸ್ಕೌಂಟ್ ಇದೆ.’

ಆ ಡಿಸ್ಕೌಂಟು ಯಾರ ಕವರಿನಿಂದ ಮಿಕ್ಕದ್ದೆಂದು ನನಗೆ ಗೊತ್ತಿತ್ತು. ಅವಳು ಬೇರೇನೂ ಕೇಳಲಿಲ್ಲವಾದ್ದರಿಂದ ನಾನೇ, ‘ನನಗೆ ಉರಿಮೂತ್ರ ಇಲ್ಲಮ್ಮ’ ಎಂದೆ. ಅವಳು ಆಗ ತಲೆಯೆತ್ತಿ ನೋಡಿದ ನೋಟವನ್ನು ವರ್ಣಿಸಲಾರೆ. ಸಂಜೆ ರಿಪೋರ್ಟು ಬಂತು: ಎರಡೂವರೆಗೂ ಕಡಿಮೆ. ವಯಸ್ಸಿಗೆ ತಕ್ಕ ತೊಂದರೆ, ಅಷ್ಟೆ. ಲಕೋಟೆ ಕೈಗೆ ಕೊಡುತ್ತಾ ಅದೇ ಹುಡುಗಿ, ‘ಅಂಕಲ್, ನಿಮ್ಮ ಫ್ರೆಂಡ್ಸ್ ಇಬ್ಬರನ್ನ ಕರ್ಕೊಂಡು ಬಂದ್ರೆ ಮುಂದಿನ ವರ್ಷ ನಿಮ್ಮದು ಪೂರ್ತಿ ಫ್ರೀ’ ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಎಂಥ ಕಾಲ ಬಂತಪ್ಪಾ, ರೋಗಿಗಳನ್ನೇ ದಲ್ಲಾಳಿಗಳನ್ನಾಗಿ ಮಾಡುವ ಇಂಥ ನಾಚಿಕೆಗೆಟ್ಟ ವ್ಯಾಪಾರವನ್ನು ನಾವಂತೂ ಮಾಡಿರಲಿಲ್ಲ ಎಂದುಕೊಳ್ಳುತ್ತಾ ಬಸ್ ಸ್ಟಾಪಿಗೆ ಬಂದೆ. ಬಸ್ಸು ಬರುವುದು ಇಪ್ಪತ್ತು ನಿಮಿಷ ತಡವಾಯಿತು. ಹತ್ತುವ ಹೊತ್ತಿಗೆ ನನ್ನ ಷಡ್ಡಕರ ಹೆಸರು ತಾನಾಗಿಯೇ ಮನಸ್ಸಿಗೆ ಬಂದಿತ್ತು. ಎದುರುಮನೆಯವರ ಹೆಸರು ಅರ್ಧ ದಾರಿಯಲ್ಲಿ ಹೊಳೆಯಿತು.